ಅಂತರಜಾಲ ಮಾರುಕಟ್ಟೆಯಲ್ಲಿ ಹೆಸರು ಮತ್ತು ಮೌನ: ಅಭಿಪ್ರಾಯಾಂಕ ಪದ್ಧತಿಯ ಒಂದು ಪರಿಶೀಲನೆ

ಸಂತೆಯಲ್ಲಿ ಕೊಳ್ಳುವವರಿಗೆ ಕಣ್ಣು, ಕೈ, ಮೂಗು, ನಾಲಗೆಗಳೆಲ್ಲವೂ ಸಾಕ್ಷಿಗಳು. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅಕ್ಕಿ ಕೊಳ್ಳುವವಳು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ ನೋಡುತ್ತಾಳೆ. ಇಷ್ಟಾದರೂ ಮೋಸ ತಪ್ಪುವುದಿಲ್ಲ. ಆದರೆ ಮೋಸಹೋದವರಿಗೆ ಮುಂದಿನ ವಾರ ಅದೇ ಸಂತೆಗೆ ಹೋಗಿ, ಅದೇ ವ್ಯಾಪಾರಿಯೆದುರು ನಿಂತು ಕೇಳುವ ಅವಕಾಶವಿದೆ. ನಾಲ್ಕು ಜನರ ಮುಂದೆ ಅವನ ಹೆಸರು ಕೆಡಿಸುವ ಅವಕಾಶವೂ ಇದೆ. ಅಂತರಜಾಲದ ಮಾರುಕಟ್ಟೆಯಲ್ಲಿ ಇವೆರಡೂ ಇಲ್ಲ. ಅಲ್ಲಿ ಸರಕು ಚಿತ್ರವಾಗಿ ಮಾತ್ರ ಕಾಣುತ್ತದೆ. ಮಾರುವವನು ಹೆಸರಾಗಿ ಮಾತ್ರ ಕಾಣುತ್ತಾನೆ, ಅದೂ ಬಹುಮಟ್ಟಿಗೆ ಅವನೇ ಇಟ್ಟುಕೊಂಡ ಹೆಸರು. ಹೀಗಿದ್ದೂ ಒಬ್ಬರನ್ನೊಬ್ಬರು ಎಂದೂ ಕಾಣದ ಕೋಟ್ಯಂತರ ಜನ ಇಂದು ಈ ಮಾರುಕಟ್ಟೆಯಲ್ಲಿ ಕೊಟ್ಟು ಕೊಳ್ಳುತ್ತಿದ್ದಾರೆ. ಇದು ಸಾಧ್ಯವಾದುದಕ್ಕೆ ಹಿಂದಿನ ಗ್ರಾಹಕರು ನೀಡುವ ಅಂಕ, ನಕ್ಷತ್ರ ಮತ್ತು ಅಭಿಪ್ರಾಯಗಳೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಮಾತು ಬಹುಪಾಲು ನಿಜ. ಆದರೆ ಆ ಅಂಕಗಳು ಸರಕಿನ ಗುಣವನ್ನಷ್ಟೇ ಅಳೆಯುತ್ತವೆಯೆಂದು ತಿಳಿದರೆ ಅವುಗಳ ಚರಿತ್ರೆಯ ಅರ್ಧಭಾಗ ಕೈತಪ್ಪುತ್ತದೆ. ಕೊಳ್ಳುವವರು ಮತ್ತು ಮಾರುವವರಲ್ಲಿ ಯಾರು ಯಾರಿಗೆ ಅಂಜುತ್ತಾರೆ, ಅಂಜಿದವರು ಏನನ್ನು ಹೇಳದೆ ಉಳಿಯುತ್ತಾರೆ ಎಂಬುದೂ ಆ ಅಂಕಗಳಲ್ಲಿ ಅಡಗಿದೆ.

ಸಮಸ್ಯೆಯ ಶಾಸ್ತ್ರೀಯ ನಿರೂಪಣೆ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಏನಾಗುತ್ತದೆಂಬುದನ್ನು ವಿವರಿಸಿದರು. ಒಳ್ಳೆಯ ಕಾರನ್ನೂ ಕೆಟ್ಟ ಕಾರನ್ನೂ ಬೇರ್ಪಡಿಸಿ ನೋಡಲಾಗದ ಗ್ರಾಹಕನು ಎರಡಕ್ಕೂ ಸರಾಸರಿ ಬೆಲೆಯನ್ನೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲ. ಅವನು ಹಿಂದೆ ಸರಿದಂತೆ ಉಳಿದವುಗಳ ಸರಾಸರಿ ಇನ್ನೂ ಕುಸಿಯುತ್ತದೆ. ಕೊನೆಗೆ ಕೆಟ್ಟ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದಲೇ ಹೊರಗಟ್ಟುತ್ತದೆ. ಅಕರ್ಲಾಫ್ ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪುರಸ್ಕಾರ ದೊರೆಯಲು ಮುಖ್ಯ ಕಾರಣವಾದ ಈ ಪ್ರಬಂಧವನ್ನು ಮೊದಲಿಗೆ ಮೂರು ಪತ್ರಿಕೆಗಳು ಹಿಂದಿರುಗಿಸಿದ್ದವು. ಅದರಲ್ಲಿ ಭಾರತದ ಪ್ರಸ್ತಾಪವಿರುವುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಲ್ಲಿನ ಪೇಟೆಯಲ್ಲಿ ಅಕ್ಕಿಯ ಬಣ್ಣ, ಆಕಾರಗಳನ್ನೇ ಹೋಲುವ ಕಲ್ಲುಗಳನ್ನು ಬೇಕೆಂದೇ ಬೆರೆಸಿ ಮಾರುವುದನ್ನೂ, ಗೃಹಿಣಿಯರು ಅದನ್ನು ಕೂತು ಆರಿಸಬೇಕಾದುದನ್ನೂ ಅವರು ಅಪ್ರಾಮಾಣಿಕತೆಯ ಬೆಲೆಗೆ ನಿದರ್ಶನವಾಗಿ ಬಳಸಿಕೊಂಡಿದ್ದಾರೆ. ಮೊರ ಹಿಡಿದು ಕಲ್ಲು ಆರಿಸುವ ಶ್ರಮವೂ ಆ ಅಕ್ಕಿಯ ಬೆಲೆಯ ಒಂದು ಭಾಗವೇ. ಮೋಸ ಮಾಡದ ವ್ಯಾಪಾರಿಯ ಅಕ್ಕಿಯನ್ನೂ ಆಕೆ ಹಾಗೆಯೇ ಆರಿಸಬೇಕಾಗುವುದರಿಂದ ನಷ್ಟ ಅವನಿಗೂ ತಟ್ಟುತ್ತದೆ.

ಮಂಗಳೂರಿನ ಒಂದು ಪ್ರಕರಣ

ದೂರದ ವ್ಯಾಪಾರದಲ್ಲಿ ಈ ತೊಡಕಿಗೆ ಹಿಂದಿನವರು ಕಂಡುಕೊಂಡ ಉಪಾಯವೆಂದರೆ ಹೆಸರನ್ನು ಒತ್ತೆಯಿಡುವುದು. ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಗೆನೀಜಾ ಉಗ್ರಾಣದಲ್ಲಿ ದೊರೆತ ಪತ್ರಗಳನ್ನು ಆಧರಿಸಿ ಆವ್ನರ್ ಗ್ರೈಫ್ ಎಂಬ ವಿದ್ವಾಂಸರು 1989ರಲ್ಲಿ ಮಂಡಿಸಿದ ವಾದ ಈ ವಿಷಯದಲ್ಲಿ ಹೆಚ್ಚು ಚರ್ಚಿತವಾದುದು. ಹನ್ನೊಂದನೆಯ ಶತಮಾನದ ಮಗ್ರಿಬಿ ವರ್ತಕರು ತಮ್ಮ ದೂರದ ಪ್ರತಿನಿಧಿಗಳನ್ನು ಹದ್ದಿನಲ್ಲಿಟ್ಟಿದ್ದು ಮುಖ್ಯವಾಗಿ ಪತ್ರಗಳ ಮೂಲಕ ಹರಡುವ ಸುದ್ದಿಯಿಂದ; ಒಬ್ಬನಿಗೆ ಮೋಸ ಮಾಡಿದವನಿಗೆ ಉಳಿದವರೂ ಕೆಲಸ ಕೊಡುತ್ತಿರಲಿಲ್ಲ ಎಂಬುದು ಅವರ ನಿಲುವು. ಆ ವರ್ತಕರು ನ್ಯಾಯಾಲಯಗಳನ್ನೂ ಧಾರಾಳವಾಗಿ ಬಳಸುತ್ತಿದ್ದರೆಂದು ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ 2012ರಲ್ಲಿ ಇದನ್ನು ಪ್ರಶ್ನಿಸಿದ್ದಾರೆ. ವಿವಾದ ಹೇಗೇ ಇರಲಿ, ಅದೇ ಉಗ್ರಾಣದ ಪತ್ರಗಳಲ್ಲಿ ಕರ್ನಾಟಕದ ಕರಾವಳಿಗೆ ಸಂಬಂಧಿಸಿದ ಪ್ರಕರಣವೊಂದಿದೆ.

ಟ್ಯುನೀಸಿಯ ಮೂಲದ ಅಬ್ರಹಾಮ್ ಬೆನ್ ಯಿಜು ಎಂಬ ವರ್ತಕ 1132ರಿಂದ 1149ರವರೆಗಿನ ಕಾಲದ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದವನು. ಏಡನ್ನಿನ ವರ್ತಕರ ಪರವಾಗಿ ಅವನು ಇಲ್ಲಿ ಸರಕು ಕೊಳ್ಳುತ್ತಿದ್ದ. ಪತ್ರಗಳಲ್ಲಿ ‘ಕಾರ್ದಾರ್’ ಎಂದು ಕರೆಯಲಾದ ಸ್ಥಳೀಯ ಮಧ್ಯವರ್ತಿಯೊಬ್ಬ ಏಲಕ್ಕಿಗೆಂದು ಮುಂಗಡ ಪಡೆದು ಸರಕು ಕೊಡದೆ ಹೋದಾಗ, ಏಡನ್ನಿನ ವರ್ತಕನೊಬ್ಬ ಬೆನ್ ಯಿಜುವಿಗೆ ಪತ್ರ ಬರೆದು, ಸಾಲ ತೀರಿಸದವರಿಗೆ ತಮ್ಮಲ್ಲಿ ಬಹಿಷ್ಕಾರ ಹಾಕುವ ಕ್ರಮವಿದೆಯೆಂದು ಹೇಳಿ ಆ ಮನುಷ್ಯನನ್ನು ಹೆದರಿಸುವಂತೆ ಸೂಚಿಸಿದ. ಅಗತ್ಯವಾದರೆ ಬಹಿಷ್ಕಾರದ ಪತ್ರವನ್ನೇ ಬರೆಸಿ ಕಳುಹಿಸುವುದಾಗಿಯೂ ತಿಳಿಸಿದ. ಏಡನ್ನಿನ ಯೆಹೂದಿ ವರ್ತಕರ ಬಹಿಷ್ಕಾರ ತುಳುನಾಡಿನ ಮಧ್ಯವರ್ತಿಯೊಬ್ಬನಿಗೆ ಎಷ್ಟರಮಟ್ಟಿಗೆ ತಾಗೀತು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಕೆಟ್ಟ ಹೆಸರು ದಂಡನೆಯಾಗಬೇಕಾದರೆ ಅದು ಕೇಳುವ ಕಿವಿಗಳಿರುವಲ್ಲಿಗೆ ತಲುಪಬೇಕು. ಆ ಕಿವಿಗಳ ಒಡೆಯರೊಡನೆ ಆ ಮನುಷ್ಯನಿಗೆ ಮುಂದೆಯೂ ವ್ಯವಹಾರವಿರಬೇಕು. ಜೊತೆಗೆ ಅವನು ಹೆಸರು ಬದಲಿಸಿಕೊಳ್ಳಲಾರದವನಾಗಿರಬೇಕು. ಊರಿನ ಅಂಗಡಿಯಲ್ಲಿ, ಸಂತೆಯಲ್ಲಿ, ವರ್ತಕ ಸಂಘದಲ್ಲಿ ಈ ಮೂರೂ ತಾವಾಗಿ ಒದಗುತ್ತವೆ. ಅಂತರಜಾಲದಲ್ಲಿ ಅವುಗಳನ್ನು ಕೃತಕವಾಗಿ ಕಟ್ಟಿಕೊಡಬೇಕಾಯಿತು.

ಈಬೇ ಕಟ್ಟಿದ ಲೆಕ್ಕ

ಆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು ಪಿಯರ್ ಒಮಿದ್ಯಾರ್ 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಹರಾಜಿನ ತಾಣ. ‘ಆಕ್ಷನ್‌ವೆಬ್’ ಎಂದಿದ್ದ ಅದು ಮುಂದೆ ‘ಈಬೇ’ ಎಂದು ಪ್ರಸಿದ್ಧವಾಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದಕ್ಕೆ ಬಂದ ಬೆಲೆ 14 ಡಾಲರ್ 83 ಸೆಂಟ್. ತಾಣಕ್ಕೆ ಸ್ವಂತದ ಸರಕಿರಲಿಲ್ಲ, ಗೋದಾಮಿರಲಿಲ್ಲ. ಹರಾಜು ಗೆದ್ದವನು ಹಣ ಕಳುಹಿಸುತ್ತಿದ್ದ. ಹಣ ತಲುಪಿದ ಮೇಲೆ ಮಾರಿದವನು ವಸ್ತುವನ್ನು ಅಂಚೆಗೆ ಹಾಕಬೇಕಾಗಿತ್ತು. ತಕರಾರುಗಳೆಲ್ಲ ಒಮಿದ್ಯಾರ್ ಅವರ ಬಳಿಗೇ ಬರತೊಡಗಿದಾಗ ಅವರು 1996ರ ಫೆಬ್ರವರಿಯಲ್ಲಿ ‘ಫೀಡ್‌ಬ್ಯಾಕ್ ಫೋರಂ’ ಎಂಬ ಏರ್ಪಾಡನ್ನು ಜಾರಿಗೆ ತಂದು, ಹೊಗಳಿಕೆ ತೆಗಳಿಕೆಗಳನ್ನು ಬಳಕೆದಾರರೇ ಬಹಿರಂಗವಾಗಿ ಬರೆಯುವಂತೆ ಮಾಡಿದರು.

ಲೆಕ್ಕ ಸರಳವಾಗಿತ್ತು. ವ್ಯವಹಾರ ಮುಗಿದ ಬಳಿಕ ಕೊಂಡವನು ಮಾರಿದವನಿಗೂ, ಮಾರಿದವನು ಕೊಂಡವನಿಗೂ ಅಂಕ ಕೊಡಬಹುದು. ಒಳ್ಳೆಯದೆಂದರೆ ಒಂದು ಕೂಡು, ಕೆಟ್ಟದ್ದೆಂದರೆ ಒಂದು ಕಳೆ, ಎರಡೂ ಅಲ್ಲವೆಂದರೆ ಸೊನ್ನೆ. ಜೊತೆಗೆ ಎಂಬತ್ತು ಅಕ್ಷರಗಳೊಳಗೆ ಒಂದು ಟಿಪ್ಪಣಿ. ಹೀಗೆ ಕೂಡಿ ಕಳೆದು ಉಳಿದ ಮೊತ್ತ ಆ ವ್ಯಕ್ತಿಯ ಹೆಸರಿನ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಎಲ್ಲರಿಗೂ ಕಾಣುತ್ತಿತ್ತು. ಮೊತ್ತ ಸೊನ್ನೆಗಿಂತ ನಾಲ್ಕು ಕೆಳಗಿಳಿದವರನ್ನು ತಾಣದಿಂದ ಹೊರಹಾಕಲಾಗುತ್ತಿತ್ತು. ಬೆನ್ ಯಿಜುವಿನ ಕಾಲದಲ್ಲಿ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಹೋಗಬೇಕಾಗಿದ್ದ ಸುದ್ದಿ ಈಗ ಸರಕಿನ ಚಿತ್ರದ ಪಕ್ಕದಲ್ಲೇ ಸಿಗುವಂತಾಯಿತು.

ಹೀಗೆ ಗಳಿಸಿದ ಹೆಸರಿಗೆ ಹಣದ ರೂಪದಲ್ಲಿ ಬೆಲೆಯುಂಟೆ? ಇದನ್ನು ಪರೀಕ್ಷಿಸುವುದು ತೋರಿಕೆಗಿಂತ ಕಷ್ಟ. ಒಳ್ಳೆಯ ಹೆಸರಿನವನು ಹೆಚ್ಚು ಬೆಲೆ ಪಡೆದರೆ ಅದು ಹೆಸರಿನಿಂದಲೋ, ಅವನ ಸರಕಿನಿಂದಲೋ, ಅವನು ತೆಗೆದ ಚಿತ್ರಗಳಿಂದಲೋ ಹೇಳಲಾಗದು. ಪಾಲ್ ರೆಸ್ನಿಕ್, ರಿಚರ್ಡ್ ಜೆಕ್‌ಹೌಸರ್ ಮತ್ತು ಅವರ ಸಂಗಡಿಗರು ಇದಕ್ಕೊಂದು ದಾರಿ ಕಂಡುಕೊಂಡರು. ಈಬೇಯಲ್ಲಿ ಒಳ್ಳೆಯ ಹೆಸರು ಗಳಿಸಿದ್ದ ಹಳೆಯ ಅಂಚೆಕಾರ್ಡುಗಳ ವ್ಯಾಪಾರಿಯೊಬ್ಬರ ಸರಕನ್ನು ಸಮಸಮವಾಗಿ ಜೋಡಿಮಾಡಿ, ಒಂದನ್ನು ಅವರ ಹಳೆಯ ಹೆಸರಿನಲ್ಲಿಯೂ ಇನ್ನೊಂದನ್ನು ಆಗತಾನೇ ಹುಟ್ಟಿಸಿದ ಅಪರಿಚಿತ ಹೆಸರುಗಳಲ್ಲಿಯೂ ಮಾರಿ ನೋಡಿದರು. ಸರಕು ಒಂದೇ, ಮಾರುವವರೂ ಒಬ್ಬರೇ. ಹೆಸರು ಮಾತ್ರ ಬೇರೆ. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಳೆಯ ಹೆಸರಿಗೆ ಗ್ರಾಹಕರು ಮಾರಾಟ ಬೆಲೆಯ ಶೇ. 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಹೊಸ ಹೆಸರುಗಳ ಪೈಕಿ ಕೆಲವಕ್ಕೆ ಒಂದೆರಡು ಕೆಟ್ಟ ಅಂಕಗಳನ್ನು ಅಂಟಿಸಿ ನೋಡಿದಾಗ ಮಾತ್ರ ಬೆಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಸರೇ ಇಲ್ಲದವನನ್ನು ಜನ ಮೊದಲೇ ಅನುಮಾನಿಸಿ ಬೆಲೆ ತಗ್ಗಿಸಿರುತ್ತಾರೆ. ಅದರ ಮೇಲೊಂದು ಮಚ್ಚೆ ಬಿದ್ದರೂ ಕಳೆದುಕೊಳ್ಳಲು ಅವನಲ್ಲಿ ಹೆಚ್ಚೇನೂ ಇರುವುದಿಲ್ಲ.

ಹೆಸರಿದ್ದವನ ಪಾಡು ಬೇರೆ. ಲೂಯಿಸ್ ಕಬ್ರಾಲ್ ಮತ್ತು ಅಲಿ ಹೊರ್ತಾಚ್ಸು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಬೇ ಮಾರಾಟಗಾರನಿಗೆ ಮೊಟ್ಟಮೊದಲ ಕೆಟ್ಟ ಅಂಕ ಬಿದ್ದೊಡನೆ ವಾರಕ್ಕೆ ಶೇ. 5ರಂತೆ ಏರುತ್ತಿದ್ದ ವ್ಯಾಪಾರ ವಾರಕ್ಕೆ ಶೇ. 8ರಂತೆ ಇಳಿಯತೊಡಗುವುದು ಕಂಡುಬಂತು. ಎರಡನೆಯ ಕೆಟ್ಟ ಅಂಕ ಮೊದಲನೆಯದಕ್ಕಿಂತ ಬೇಗ ಬರುತ್ತದೆಂಬುದು ಅದರ ಇನ್ನೊಂದು ಶೋಧ. ಕಾಪಾಡಿಕೊಳ್ಳಬೇಕಾದ ನಿಷ್ಕಳಂಕ ಹೆಸರು ಹೋದ ಮೇಲೆ ಮಾರುವವನು ಮೊದಲಿನ ಎಚ್ಚರ ವಹಿಸುವುದಿಲ್ಲವೆಂಬುದು ಲೇಖಕರ ವಿವರಣೆ. ತಾಣವನ್ನು ಬಿಟ್ಟುಹೋಗುವ ಮಾರಾಟಗಾರರು ಹೋಗುವ ಮುನ್ನ ಸಾಲಾಗಿ ಕೆಟ್ಟ ಅಂಕಗಳನ್ನು ಪಡೆಯುತ್ತಾರೆಂಬುದೂ ಅವರ ಗಮನಕ್ಕೆ ಬಂತು. ಗಳಿಸಿದ ಹೆಸರನ್ನು ಕೊನೆಯಲ್ಲಿ ನಗದು ಮಾಡಿಕೊಂಡು ಹೋಗುವುದೆಂದರೆ ಇದೇ.

ನೂರಕ್ಕೆ ತೊಂಬತ್ತೊಂಬತ್ತು

ಇಲ್ಲಿಯವರೆಗಿನ ಚಿತ್ರ ಆಶಾದಾಯಕವಾದುದು. ಆದರೆ ರೆಸ್ನಿಕ್ ಮತ್ತು ಜೆಕ್‌ಹೌಸರ್ 1999ರ ಈಬೇ ವ್ಯವಹಾರಗಳನ್ನು ಆಧರಿಸಿ ಬರೆದ, 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ ವಿಚಿತ್ರವಾದ ಅಂಕಿಯೊಂದಿದೆ. ಕೊಂಡವರು ನೀಡಿದ ಅಂಕಗಳಲ್ಲಿ ಶೇ. 99.1ರಷ್ಟು ಒಳ್ಳೆಯವು, ಕೆಟ್ಟವು ಶೇ. 0.6 ಮಾತ್ರ. ಒಬ್ಬರನ್ನೊಬ್ಬರು ನೋಡದ, ಹಳೆಯ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸಿಕೊಳ್ಳುವ ಜನರ ನಡುವೆ ಅಸಮಾಧಾನ ಇಷ್ಟು ಅಪರೂಪವೆಂದರೆ ನಂಬಲಾಗದು. ಮದುವೆಯ ಊಟಕ್ಕೂ ಇಷ್ಟು ಒಮ್ಮತದ ಮೆಚ್ಚುಗೆ ಸಿಗುವುದಿಲ್ಲ. ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇತ್ತು: ಅಂಕ ಕೊಟ್ಟ ಗ್ರಾಹಕರು ಒಟ್ಟು ವ್ಯವಹಾರಗಳಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದ ಅರ್ಧದಷ್ಟು ಜನ ಏನನ್ನೂ ಹೇಳಿರಲಿಲ್ಲ.

ಅವರು ಏಕೆ ಸುಮ್ಮನಿದ್ದರು? ಸೋಮಾರಿತನ ಒಂದು ಕಾರಣ. ಮುಖ್ಯ ಕಾರಣ ಪದ್ಧತಿಯ ಒಳಗೇ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಅಂಕ ಕೊಡುವ ವ್ಯವಸ್ಥೆಯಲ್ಲಿ ಯಾರು ಮೊದಲು ಬಾಯಿ ತೆರೆಯುತ್ತಾರೆಂಬುದು ಮಹತ್ವದ್ದಾಗುತ್ತದೆ. ಮಾರುವವನು ಹಣ ಕೈಸೇರಿದೊಡನೆಯೇ ಗ್ರಾಹಕನಿಗೆ ಅಂಕ ಕೊಡಬಹುದಾಗಿತ್ತು, ಏಕೆಂದರೆ ಗ್ರಾಹಕನ ಕರ್ತವ್ಯ ಅಲ್ಲಿಗೆ ಮುಗಿಯಿತು. ಆದರೆ ಅನೇಕರು ಹಾಗೆ ಮಾಡದೆ, ಗ್ರಾಹಕನು ತಮ್ಮ ಬಗ್ಗೆ ಏನು ಬರೆಯುತ್ತಾನೆಂದು ಕಾದರು. ಅವನು ಹೊಗಳಿದರೆ ತಾವೂ ಹೊಗಳಿದರು. ತೆಗಳಿದರೆ ಕೂಡಲೇ ತಿರುಗಿ ತೆಗಳಿದರು. ಒಡೆದ ಪಿಂಗಾಣಿ ಪಡೆದ ಗ್ರಾಹಕನು ನಿಜ ಬರೆದರೆ ತನ್ನ ಹೆಸರಿಗೂ ಕಪ್ಪು ಬೀಳುತ್ತದೆಂದು ತಿಳಿದು ನುಂಗಿಕೊಂಡು ಸುಮ್ಮನಾಗುತ್ತಿದ್ದ. ಅವನೂ ನಾಳೆ ಅದೇ ತಾಣದಲ್ಲಿ ಏನನ್ನಾದರೂ ಮಾರುವವನಿರಬಹುದು. ಅಪರೂಪದ ನಾಣ್ಯಗಳ ಹರಾಜುಗಳನ್ನು ಅಧ್ಯಯನ ಮಾಡಿದ ಕ್ರಿಸಾಂತೋಸ್ ಡೆಲ್ಲರೋಕಾಸ್ ಮತ್ತು ಚಾರ್ಲ್ಸ್ ವುಡ್, ಅಂಕಗಳು ಬರುವ ಸಮಯ ಮತ್ತು ಬಾರದೆ ಉಳಿಯುವ ಕ್ರಮಗಳಿಂದಲೇ ಈ ಮೌನದೊಳಗಿನ ಅಸಮಾಧಾನವನ್ನು ಅಂದಾಜು ಮಾಡುವ ವಿಧಾನವೊಂದನ್ನು 2008ರಲ್ಲಿ ಪ್ರಕಟಿಸಿದರು. ಪ್ರಕಟವಾದ ಅಂಕಗಳು ತೋರುವುದಕ್ಕಿಂತ ನಿಜವಾದ ಅಸಮಾಧಾನ ಬಹಳ ಹೆಚ್ಚೆಂಬುದು ಅವರ ನಿಗಮನ.

ಈಬೇ ಇದನ್ನು ಅರಿಯದೆ ಇರಲಿಲ್ಲ. 2007ರಲ್ಲಿ ಅದು ಹಳೆಯ ಪದ್ಧತಿಯ ಜೊತೆಗೆ ಇನ್ನೊಂದನ್ನು ಸೇರಿಸಿತು. ಗ್ರಾಹಕನು ವಸ್ತುವಿನ ವಿವರಣೆ, ಸಂವಹನ, ರವಾನೆಯ ವೇಗ ಮತ್ತು ರವಾನೆಯ ಶುಲ್ಕ ಎಂಬ ನಾಲ್ಕು ವಿಷಯಗಳಿಗೆ ಐದರವರೆಗೆ ನಕ್ಷತ್ರಗಳನ್ನು ಕೊಡಬಹುದು. ಯಾರು ಎಷ್ಟು ಕೊಟ್ಟರೆಂಬುದು ತಿಳಿಯದೆ ಸರಾಸರಿ ಮಾತ್ರ ಕಾಣುತ್ತದೆ. ಗ್ಯಾರಿ ಬೋಲ್ಟನ್, ಬೆನ್ ಗ್ರೈನರ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬದಲಾವಣೆಯ ಹಿಂದಿದ್ದ ವಿಚಾರವನ್ನು ಪ್ರಯೋಗಾಲಯದ ಪರೀಕ್ಷೆಗಳೊಂದಿಗೆ ವಿವರಿಸುತ್ತದೆ. ಒಬ್ಬರ ಮಾತಿಗೆ ಇನ್ನೊಬ್ಬರು ಸೇಡು ತೀರಿಸಿಕೊಳ್ಳುವ ದಾರಿ ಮುಚ್ಚಿದಷ್ಟೂ ಮಾತು ಸತ್ಯಕ್ಕೆ ಹತ್ತಿರವಾಗುತ್ತದೆಂಬುದು ಅದರ ತಿರುಳು. 2008ರ ಮೇ ತಿಂಗಳಿನಿಂದ ಈಬೇ ಇನ್ನೂ ಮುಂದೆ ಹೋಗಿ, ಮಾರುವವರು ಗ್ರಾಹಕರಿಗೆ ಕೆಟ್ಟ ಅಂಕ ಕೊಡುವುದನ್ನೇ ನಿಲ್ಲಿಸಿತು. ಗ್ರಾಹಕನ ಬಗ್ಗೆ ಒಳ್ಳೆಯದನ್ನು ಬರೆಯಬೇಕು, ಇಲ್ಲವೆ ಸುಮ್ಮನಿರಬೇಕು. ಮೌನದ ಸರದಿ ಈಗ ಇನ್ನೊಂದು ಪಕ್ಷದ್ದಾಯಿತು.

ಇದರ ಪರಿಣಾಮವನ್ನು ಟೋಬಿಯಾಸ್ ಕ್ಲೈನ್, ಕ್ರಿಸ್ಟಿಯಾನ್ ಲಾಂಬರ್ಟ್ಜ್ ಮತ್ತು ಕೊನ್ರಾಡ್ ಸ್ಟಾಲ್ 2016ರಲ್ಲಿ ಅಳೆದು ತೋರಿಸಿದರು. ಗ್ರಾಹಕರ ಬಾಯಿ ಬಿಚ್ಚಿದ ಮೇಲೆ ಕೆಟ್ಟ ಮಾರಾಟಗಾರರು ಗುಂಪಾಗಿ ತಾಣ ಬಿಟ್ಟುಹೋಗಬಹುದೆಂಬ ನಿರೀಕ್ಷೆಯಿತ್ತು. ಹಾಗಾಗಲಿಲ್ಲ. ಬಿಟ್ಟುಹೋಗುವವರ ಪ್ರಮಾಣ ಹೆಚ್ಚದಿದ್ದರೂ ಗ್ರಾಹಕರ ತೃಪ್ತಿ ಸ್ಪಷ್ಟವಾಗಿ ಏರಿತು. ಅಂದರೆ ಇದ್ದವರೇ ಹೆಚ್ಚು ಜಾಗರೂಕರಾಗಿ ವರ್ತಿಸತೊಡಗಿದರು. ಅಕರ್ಲಾಫ್ ವರ್ಣಿಸಿದ ಕೆಟ್ಟ ಸರಕಿನ ಸಮಸ್ಯೆಗಿಂತ, ಕಾಣುವವರಿಲ್ಲವೆಂದಾಗ ಕೈ ಸಡಿಲಬಿಡುವ ಸಾಮಾನ್ಯ ಮನುಷ್ಯನ ಸಮಸ್ಯೆಯೇ ಇಲ್ಲಿ ದೊಡ್ಡದಾಗಿತ್ತೆಂದು ಇದರಿಂದ ತಿಳಿಯಬಹುದು. ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಶೋಧ ಮತ್ತೊಂದಿಲ್ಲ.

ಮಾರಾಟಗಾರರ ದೂರನ್ನೂ ತಳ್ಳಿಹಾಕುವಂತಿಲ್ಲ. ಹೊಸ ನಿಯಮ ಮತ್ತು ಶುಲ್ಕಗಳು ಪ್ರಕಟವಾದಾಗಲೇ, 2008ರ ಫೆಬ್ರವರಿಯಲ್ಲಿ, ಅವರಲ್ಲಿ ಅನೇಕರು ಒಂದು ವಾರ ಸರಕು ಇಡದೆ ಮುಷ್ಕರ ಹೂಡಿದ್ದರು. ಹಣ ಕೊಡದೆ ಸತಾಯಿಸುವ, ಬಳಸಿದ ವಸ್ತುವನ್ನು ದೋಷವಿದೆಯೆಂದು ಹಿಂದಿರುಗಿಸುವ ಗ್ರಾಹಕನ ಬಗ್ಗೆ ಇತರ ಮಾರಾಟಗಾರರನ್ನು ಎಚ್ಚರಿಸುವ ಏಕೈಕ ಸಾಧನ ಅವರ ಕೈಯಿಂದ ಹೋಗಿತ್ತು. ಬೆಲೆ ಇಳಿಸದಿದ್ದರೆ, ಹೆಚ್ಚಿನದೇನನ್ನಾದರೂ ಕೊಡದಿದ್ದರೆ ಕೆಟ್ಟ ಅಂಕ ಹಾಕುವೆನೆಂದು ಬೆದರಿಸುವ ಗ್ರಾಹಕರು ಎಷ್ಟಿದ್ದರೆಂದರೆ, ಅದನ್ನು ನಿಷೇಧಿಸುವ ನಿಯಮವನ್ನೇ ಈಬೇ ಇರಿಸಿಕೊಳ್ಳಬೇಕಾಯಿತು. ಕೊಸರು ಕೇಳುವುದು ಎಲ್ಲ ಸಂತೆಗಳಲ್ಲೂ ಇದ್ದದ್ದೇ. ಆದರೆ ಸಂತೆಯ ಗ್ರಾಹಕಿಯ ಕೈಯಲ್ಲಿ ವ್ಯಾಪಾರಿಯ ಮುಂದಿನ ವರ್ಷದ ಸಂಪಾದನೆ ಇರುವುದಿಲ್ಲ. ಮನೆ, ಕೋಣೆಗಳನ್ನು ಬಾಡಿಗೆಗೆ ಒದಗಿಸುವ ಏರ್‌ಬಿಎನ್‌ಬಿ ಇದಕ್ಕೆ ಬೇರೊಂದು ಪರಿಹಾರ ಹುಡುಕಿತು. ಅಲ್ಲಿ ಅತಿಥಿ ಮತ್ತು ಆತಿಥೇಯ ಇಬ್ಬರೂ ಬರೆಯುವ ಹಕ್ಕು ಉಳಿಸಿಕೊಂಡರು. ಆದರೆ 2014ರ ಜುಲೈನಿಂದ ಇಬ್ಬರೂ ಬರೆದ ಮೇಲೆ, ಅಥವಾ ಅವಧಿ ಮುಗಿದ ಮೇಲಷ್ಟೇ ಅಭಿಪ್ರಾಯಗಳು ಬಹಿರಂಗವಾಗುವಂತೆ ಮಾಡಲಾಯಿತು. ಸೇಡಿಗೆ ಅವಕಾಶ ತಪ್ಪಿದರೂ ಅಲ್ಲಿನ ನಕ್ಷತ್ರಗಳು ಅಷ್ಟೇನೂ ಕೆಳಗಿಳಿಯಲಿಲ್ಲ. ತನ್ನ ಮನೆಯಲ್ಲಿ ಉಳಿಸಿಕೊಂಡು ಕಾಫಿ ಕೊಟ್ಟವರ ಬಗ್ಗೆ ಕಟುವಾಗಿ ಬರೆಯಲು ಮನಸ್ಸು ಹಿಂಜರಿಯುತ್ತದೆ. ಭಯದಂತೆ ದಾಕ್ಷಿಣ್ಯವೂ ಮೌನಕ್ಕೆ ಒಂದು ಕಾರಣ.

ಕೊಂಡ ಹೆಸರು

ಹೆಸರಿಗೆ ಬೆಲೆಯಿದ್ದ ಮೇಲೆ ಅದನ್ನು ಮಾರುವವರೂ ಹುಟ್ಟುತ್ತಾರೆ. ಈಬೇಯಲ್ಲಿ ಒಂದು ಸೆಂಟಿಗೆ ಪಾಕವಿಧಾನವನ್ನೋ ಚಿತ್ರವನ್ನೋ ಮಾರಿ, ಜೊತೆಗೆ ಒಳ್ಳೆಯ ಅಂಕ ಖಚಿತವೆಂದು ಸಾರುವ ಮಾರಾಟಗಳು ನಡೆಯುತ್ತಿದ್ದುದನ್ನು ಜೆನಿಫರ್ ಬ್ರೌನ್ ಮತ್ತು ಜಾನ್ ಮೋರ್ಗನ್ 2006ರಲ್ಲಿ ದಾಖಲಿಸಿದರು. ಅಲ್ಲಿ ಮಾರಾಟವಾಗುತ್ತಿದ್ದ ಸರಕು ಪಾಕವಿಧಾನವಲ್ಲ, ಅಂಕ. ಮುಂದೆ ಅಮೆಜಾನ್‌ನಂಥ ತಾಣಗಳಲ್ಲಿ ಇದು ಉದ್ಯಮದ ಪ್ರಮಾಣಕ್ಕೆ ಬೆಳೆಯಿತು. ಫೇಸ್‌ಬುಕ್‌ನ ಖಾಸಗಿ ಗುಂಪುಗಳಲ್ಲಿ ಗ್ರಾಹಕರನ್ನು ಗೊತ್ತುಮಾಡಿ, ಅವರು ವಸ್ತುವನ್ನು ಕೊಂಡು ಐದು ನಕ್ಷತ್ರ ಹಾಕಿದ ಮೇಲೆ ಹಣ ಹಿಂದಿರುಗಿಸುವ ಮಾರಾಟಗಾರರನ್ನು ಹಿಂಬಾಲಿಸಿದ ಶೆರ‍್ರಿ ಹಿ, ಬ್ರೆಟ್ ಹಾಲೆನ್‌ಬೆಕ್ ಮತ್ತು ಡೇವಿಡ್ ಪ್ರೊಸೆರ್ಪಿಯೊ ಅವರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೊಂಡ ಅಭಿಪ್ರಾಯಗಳು ನಿಂತ ಮೇಲೆ ಆ ವಸ್ತುಗಳ ಸರಾಸರಿ ಕುಸಿದು ಒಂದು ನಕ್ಷತ್ರದ ಅಭಿಪ್ರಾಯಗಳು ಹೆಚ್ಚಾದವು. ನಕ್ಷತ್ರ ನಂಬಿ ಕೊಂಡವರ ಕೋಪ ಅದು.

ಚೀನಾದ ಟಾವೊಬಾವೊ ಇದೇ ವ್ಯಾಪಾರವನ್ನು 2012ರಲ್ಲಿ ಬಹಿರಂಗಗೊಳಿಸಿ ಒಂದು ಜಾಣತನದ ಪ್ರಯೋಗ ಮಾಡಿತು. ಮಾರುವವನು ಅಭಿಪ್ರಾಯ ಬರೆಯುವವರಿಗೆ ಹಣ ಕೊಡಬಹುದು. ಆದರೆ ಬರೆದುದು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ನೋಡದೆ, ಅದರಲ್ಲಿ ಉಪಯುಕ್ತ ವಿವರವಿದೆಯೇ ಎಂಬುದನ್ನು ಮಾತ್ರ ನೋಡಿ ತಾಣವೇ ಆ ಹಣವನ್ನು ತಲುಪಿಸುತ್ತದೆ. ತನ್ನ ಸರಕಿನಲ್ಲಿ ಭರವಸೆಯಿಲ್ಲದವನು ಇಂಥ ಪಂದ್ಯಕ್ಕೆ ಇಳಿಯುವುದಿಲ್ಲ. ಆದ್ದರಿಂದ ಇಳಿದದ್ದೇ ಗ್ರಾಹಕನಿಗೊಂದು ಸೂಚನೆಯಾಗುತ್ತದೆ. ಹೊಸದಾಗಿ ಬಂದ, ಹೆಸರಿಲ್ಲದ, ಆದರೆ ಒಳ್ಳೆಯ ಸರಕಿರುವ ವ್ಯಾಪಾರಿಗೆ ಇದರಿಂದ ಒಂದು ಬಾಗಿಲು ತೆರೆದಂತಾಯಿತು.

ಕಾನೂನು ತಡವಾಗಿ ಬಂತು. ಭಾರತದಲ್ಲಿ 2020ರ ಜುಲೈನಲ್ಲಿ ಹೊರಡಿಸಿದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, ಮಾರುವವನು ಗ್ರಾಹಕನಂತೆ ನಟಿಸಿ ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿವೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಅಂತರಜಾಲದ ಗ್ರಾಹಕ ಅಭಿಪ್ರಾಯಗಳ ಸಂಗ್ರಹ, ಪರಿಶೀಲನೆ ಮತ್ತು ಪ್ರಕಟಣೆಗೆ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿತು. ಅದರ ಪಾಲನೆ ಸ್ವಯಂಪ್ರೇರಿತವೆಂಬ ನೆಲೆಯಲ್ಲೇ ಅದು ಜಾರಿಗೆ ಬಂತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸುಳ್ಳು ಅಭಿಪ್ರಾಯಗಳ ನಿಷೇಧ ನಿಯಮ ಜಾರಿಯಾದದ್ದು 2024ರ ಅಕ್ಟೋಬರಿನಲ್ಲಿ. ಇವೆಲ್ಲವೂ ಸುಳ್ಳು ಮಾತನ್ನು ತಡೆಯಲು ಹೊರಟವು. ಆಡದೆ ಉಳಿದ ಮಾತು ಇವುಗಳ ವ್ಯಾಪ್ತಿಯಿಂದ ಹೊರಗಿದೆ.

ಭಾರತದ ದಾರಿ

ಭಾರತದಲ್ಲಿ ಈಬೇ ಮಾದರಿ ಬೇರೂರಲಿಲ್ಲ. ಮುಂಬಯಿಯ ಬಾಜೀ ಡಾಟ್ ಕಾಮ್ ಎಂಬ ಹರಾಜಿನ ತಾಣವನ್ನು ಈಬೇ 2004ರಲ್ಲಿ ಸುಮಾರು 5 ಕೋಟಿ ಡಾಲರಿಗೆ ಕೊಂಡುಕೊಂಡಿತು. 2017ರಲ್ಲಿ ಈಬೇ ಇಂಡಿಯಾ ಫ್ಲಿಪ್‌ಕಾರ್ಟ್‌ನ ಪಾಲಾಗಿ 2018ರ ಆಗಸ್ಟಿನಲ್ಲಿ ಮುಚ್ಚಿತು. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದಂಗಡಿಯಾಗಿ ಹುಟ್ಟಿ, 2013ರಲ್ಲಿ ಇತರ ಮಾರಾಟಗಾರರಿಗೂ ತೆರೆದ ಮಾರುಕಟ್ಟೆಯಾಯಿತು. ಆ ಹೊತ್ತಿಗಾಗಲೇ, 2010ರಲ್ಲಿ, ಅದು ನಂಬಿಕೆಯ ಸಮಸ್ಯೆಯನ್ನು ಬೇರೊಂದು ತುದಿಯಿಂದ ಬಿಡಿಸಿತ್ತು. ಸರಕು ಮನೆಬಾಗಿಲಿಗೆ ಬಂದ ಮೇಲೆ ಹಣ ಕೊಡುವ ಏರ್ಪಾಡು ಅದು. ಈಬೇಯಲ್ಲಿ ಮೊದಲು ಹಣ ಕಳುಹಿಸಿ ಕಾಯುವ ಗ್ರಾಹಕನು ನಂಬಬೇಕಾಗಿತ್ತು. ಇಲ್ಲಿ ಮೊದಲು ಸರಕು ಕಳುಹಿಸಿ ಕಾಯುವ ಮಾರಾಟಗಾರನು ನಂಬಬೇಕಾಯಿತು. ನಕ್ಷತ್ರಗಳೂ ಇಲ್ಲಿ ಹೆಚ್ಚಾಗಿ ಮಾರುವವನ ಹೆಸರಿಗಿಂತ ವಸ್ತುವಿನ ಪುಟಕ್ಕೆ ಅಂಟಿಕೊಂಡಿರುತ್ತವೆ. ಒಂದೇ ವಸ್ತುವನ್ನು ಹಲವರು ಮಾರುವಾಗ ಒಬ್ಬನ ಅಜಾಗ್ರತೆಯ ಕೆಟ್ಟ ಅಂಕ ಎಲ್ಲರ ಮೇಲೂ ಬೀಳುತ್ತದೆ, ಒಬ್ಬನ ಶ್ರದ್ಧೆಯ ಫಲವೂ ಎಲ್ಲರಿಗೂ ಹಂಚಿಹೋಗುತ್ತದೆ.

ಹೆಸರು ಬದಲಿಸಿಕೊಳ್ಳುವ ಸಮಸ್ಯೆಯನ್ನು ಇಲ್ಲಿ ಬಿಗಿಗೊಳಿಸಿದ್ದು, ಸ್ವಾರಸ್ಯವೆಂದರೆ, ತೆರಿಗೆ ಕಾನೂನು. ಹೆಸರು ಅಗ್ಗವಾದಲ್ಲಿ ಕೆಟ್ಟವನು ಹಳೆಯದನ್ನು ಎಸೆದು ಹೊಸದನ್ನು ಧರಿಸುತ್ತಾನೆ. ಆದ್ದರಿಂದ ಹೊಸಬರೆಲ್ಲರನ್ನೂ ಜನ ಅನುಮಾನಿಸುವಂತಾಗಿ, ಪ್ರಾಮಾಣಿಕ ಹೊಸಬನೂ ಕೆಲಕಾಲ ದಂಡ ತೆರಬೇಕಾಗುತ್ತದೆಂದು ಎರಿಕ್ ಫ್ರೀಡ್‌ಮನ್ ಮತ್ತು ರೆಸ್ನಿಕ್ 2001ರಲ್ಲಿಯೇ ತರ್ಕಿಸಿದ್ದರು. 2017ರ ಬಳಿಕ ಅಂತರಜಾಲ ತಾಣಗಳಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾದಾಗ ಆ ಸಂಖ್ಯೆಯೇ ಸುಲಭವಾಗಿ ಕಳಚಲಾಗದ ಹೆಸರಾಯಿತು. ಆದರೆ ಅದೇ ನಿಯಮ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರನ್ನು ಹೊಸ್ತಿಲಲ್ಲೇ ತಡೆಯಿತು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ ಇದರಿಂದ ವಿನಾಯಿತಿ ದೊರೆತದ್ದು 2023ರ ಅಕ್ಟೋಬರಿನಿಂದ.

ಭಾಷೆಯದೂ ಒಂದು ಮೌನವಿದೆ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ತಾಣಗಳು ಕನ್ನಡದಲ್ಲಿ ದೊರೆಯತೊಡಗಿದ್ದು 2020ರಲ್ಲಿ. ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಬರೆಯಲಾರದ ಗ್ರಾಹಕನು ಕೊಳ್ಳಬಹುದಾಗಿದ್ದರೂ, ಹೇಳಬೇಕೆನಿಸಿದ್ದನ್ನು ನಕ್ಷತ್ರದ ಮೇಲೆ ಬೆರಳೊತ್ತಿ ಮಾತ್ರ ಹೇಳಬಹುದಾಗಿತ್ತು.

ಆಡದ ಮಾತನ್ನು ಲೆಕ್ಕಕ್ಕೆ ತರಲು ಸಾಧ್ಯವೇ ಎಂಬುದನ್ನು ಕ್ರಿಸ್ ನೋಸ್ಕೊ ಮತ್ತು ಸ್ಟೀವನ್ ತಡೆಲಿಸ್ 2015ರ ಪ್ರಬಂಧದಲ್ಲಿ ಪರೀಕ್ಷಿಸಿದ್ದಾರೆ. ಅವರು ಈಬೇಯ ಮಾರಾಟಗಾರರ ಒಳ್ಳೆಯ ಅಂಕಗಳನ್ನು, ಬಂದ ಅಂಕಗಳ ಒಟ್ಟು ಸಂಖ್ಯೆಯಿಂದ ಭಾಗಿಸದೆ, ನಡೆದ ವ್ಯವಹಾರಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರು. ಹೀಗೆ ಮಾಡಿದಾಗ ಸುಮ್ಮನಿದ್ದ ಗ್ರಾಹಕರೂ ಛೇದದಲ್ಲಿ ಸೇರುತ್ತಾರೆ. ಎಲ್ಲರೂ ನೂರರ ಆಸುಪಾಸಿನಲ್ಲಿ ಕಾಣುತ್ತಿದ್ದ ಮಾರಾಟಗಾರರ ನಡುವೆ ಥಟ್ಟನೆ ಅಂತರಗಳು ತೆರೆದುಕೊಂಡವು. ಹೆಚ್ಚು ಮಂದಿ ಸುಮ್ಮನಿದ್ದ ಮಾರಾಟಗಾರನಿಂದ ಕೊಂಡ ಗ್ರಾಹಕನು ಮತ್ತೆ ತಾಣಕ್ಕೆ ಬರುವ ಸಂಭವವೇ ಕಡಿಮೆಯೆಂಬುದೂ ಕಂಡುಬಂತು. ಅವನು ದೂರು ಬರೆಯುವುದಿಲ್ಲ, ಕೆಟ್ಟ ಅಂಕವನ್ನೂ ಹಾಕುವುದಿಲ್ಲ; ಒಬ್ಬ ಮಾರಾಟಗಾರನ ತಪ್ಪಿಗೆ ಇಡೀ ಮಾರುಕಟ್ಟೆಯನ್ನೇ ಬಿಟ್ಟುಹೋಗುತ್ತಾನೆ. ಕೆಲವು ಗ್ರಾಹಕರ ಹುಡುಕಾಟದ ಫಲಿತಾಂಶಗಳಲ್ಲಿ ಈ ಹೊಸ ಅಳತೆಗೆ ತಕ್ಕಂತೆ ಮಾರಾಟಗಾರರ ಸಾಲನ್ನು ಬದಲಿಸಿ ತೋರಿಸಿದಾಗ, ಆ ಗ್ರಾಹಕರು ಮರಳಿ ಬಂದು ಕೊಳ್ಳುವುದು ಹೆಚ್ಚಿತು. ಈ ಅಳತೆ ಮಾತ್ರ ಗ್ರಾಹಕರ ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ; ತಾಣದ ಒಳಲೆಕ್ಕದಲ್ಲಷ್ಟೇ ಅದಿತ್ತು. ಭಾರತದಲ್ಲಿ ಮನೆಬಾಗಿಲಲ್ಲಿ ನಿರಾಕರಿಸಿದ ಪೊಟ್ಟಣವೂ ಇಂಥದೇ ಒಂದು ಅಭಿಪ್ರಾಯ. ಅದು ಯಾವ ನಕ್ಷತ್ರವಾಗಿಯೂ ಪುಟದಲ್ಲಿ ಮೂಡದೆ, ಸಾಗಣೆಯ ವೆಚ್ಚವನ್ನು ಹೊತ್ತು ಮಾರಿದವನ ಗೋದಾಮಿಗೆ ಮರಳುತ್ತದೆ.